ಹತ್ತು ಮೀಟರಿಗೊಂದು ಕೊಂಬೆ

ಫೆಬ್ರವರಿ 20, ಮಂಗಳವಾರ

ಫಿಸಿಯೋ ಒಪ್ಪಿದಳು! ಅರ್ಧ ಒಪ್ಪಿದಳು ಅನ್ನಬೇಕು.

"ಬೆಟ್ಟಕ್ಕೆ ಹೋಗು ರಾಗ್ನಿ, ಬೇಡ ಅನ್ನಲ್ಲ. ಆದ್ರೆ ಸ್ಕೀ ಮೇಲಲ್ಲ, ಸ್ನೋಶೂ ಕಟ್ಕೊಂಡು. ವಾರವಿಡೀ ಮೊಣಕಾಲು ಊದದೇ ಇದ್ರೆ ಕೊನೇ ದಿನ ಒಂದೇ ಒಂದು ಸಲ ಸ್ಕೀ. ಊದಿದ್ರೆ ಅದೂ ಇಲ್ಲ."

ಸ್ನೋಶೂ! ಟೆನಿಸ್ ಬ್ಯಾಟ್‌ಗಳನ್ನು ಕಾಲಿಗೆ ಕಟ್ಟಿಕೊಂಡು ಅಜ್ಜಿಯ ಹಾಗೆ ದಪ್ ದಪ್ ಎಂದು ನಡೆಯುವುದು. ಆದರೂ ಸರಿ. ಹೋಗುತ್ತೇನೆ.

ಈಸ್ಟರ್ ರಜೆಗೆ ಇಡೀ ನಾರ್ವೆ ಬೆಟ್ಟ ಹತ್ತುತ್ತದೆ. ಅದಕ್ಕೂ ಮುಂಚೆ ನಮ್ಮೂರಿನ ಬೆಟ್ಟದ ಸಂಘದವರು ನಾಲ್ಕೈದು ಜನ ಮೇಲೆ ಹೋಗಿ, ಪ್ರವಾಸಿಗರು ತಂಗುವ ಸ್ಕಾರ್‌ಬು ಹಟ್ಟಿಯ ದಾರಿಯುದ್ದಕ್ಕೂ ಹಿಮದಲ್ಲಿ ಬರ್ಚ್ ಕೊಂಬೆ ನೆಟ್ಟು ಬರುತ್ತಾರೆ. ಮಂಜು ಕವಿದಾಗ ಜನ ಕೊಂಬೆಯಿಂದ ಕೊಂಬೆಗೆ ನಡೆದು ಹಟ್ಟಿ ಸೇರಬೇಕು. ಸಂಬಳವಿಲ್ಲದ ಕೆಲಸ. ಆದರೆ ಕೊನೆಯ ಕೊಂಬೆ ನೆಟ್ಟ ಮಾರನೆಯ ದಿನ ಇಡೀ ತಂಡ ಸ್ಕೀ ಹಾಕಿ ಕ್ವಿಟ್‌ನುಟ್ ಶಿಖರಕ್ಕೆ ಹೋಗುತ್ತದೆ. ತುದಿಯಲ್ಲಿ ಸಾಲಾಗಿ ನಿಂತು, ಸ್ಕೀ ಮೂತಿಗಳು ಅಂಚಿನಿಂದಾಚೆ ಚಾಚಿದ ಹಾಗೆ ಒಂದು ಫೋಟೋ. ಹದಿಮೂರನೇ ವಯಸ್ಸಿನಿಂದ ಆ ಫೋಟೋಗಳನ್ನು 'ಬೆಟ್ಟದ ಹುಚ್ಚರು' ಚಾಟ್ ಗುಂಪಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ದೇನೆ. ಈಗ ಹದಿನೆಂಟು. ಈ ವರ್ಷದ ಫೋಟೋದಲ್ಲಿ ನಾನಿರಬೇಕು. ಅಷ್ಟೇ.

ಗುಂಪಿನಲ್ಲಿ ನನ್ನ ಮೆಸೇಜುಗಳು ಎರಡು ಸಾವಿರದ ಮುನ್ನೂರು ದಾಟಿವೆ. ಮೈನಸ್ ಆರಕ್ಕೆ ಸ್ಕೀಗೆ ಯಾವ ಮೇಣ ಹಚ್ಚಬೇಕು ಎಂದು ಯಾರಾದರೂ ಕೇಳಿದರೆ ಮೊದಲ ಉತ್ತರ ನನ್ನದೇ. ನನ್ನ ಮೊಣಕಾಲಿನ ಲಿಗಮೆಂಟ್ ಹರಿದದ್ದು ಶಾಲೆಯ ಹಿಂದಿನ ದಿಬ್ಬದಲ್ಲಿ ಎಂದು ಮಾತ್ರ ಅಲ್ಲಿ ಯಾರಿಗೂ ಹೇಳಿಲ್ಲ.

ಅಳತೆ ಟೇಪು ತಂದೆ. ಮೊಣಕಾಲು: 38 ಸೆಂ.ಮೀ. ಬೆಟ್ಟಕ್ಕೆ ಹೋಗುತ್ತೇನೆಂದು ಗುಂಪಿನಲ್ಲಿ ಹಾಕಿದ ಸುದ್ದಿಗೆ ಲೈಕು: 57.

ಮಾರ್ಚ್ 3, ಭಾನುವಾರ. ಸ್ಕಾರ್‌ಬು ಹಟ್ಟಿ

ಬಂದು ಮುಟ್ಟಿದೆವು. ಮೂವರು ಸ್ಕೀ ಮೇಲೆ, ನಾನೊಬ್ಬಳು ಬ್ಯಾಟ್‌ಗಳ ಮೇಲೆ.

ನಾಯಕಿ ಹಾಲ್ಡಿಸ್. ಅರವತ್ಮೂರು ವರ್ಷ. ಮೂವತ್ತು ವರ್ಷ ಊರಿನ ಬಸ್ ಓಡಿಸಿದವಳು, ಈಗಲೂ ನಮ್ಮನ್ನು ಪ್ರಯಾಣಿಕರಂತೆಯೇ ನೋಡುತ್ತಾಳೆ. ಹೊರಡುವಾಗ ಹಿಂತಿರುಗಿ ತಲೆ ಎಣಿಸುತ್ತಾಳೆ, ನಾಲ್ಕೇ ತಲೆ ಇದ್ದರೂ. ಸಾಮಾನಿನ ಜಾರುಬಂಡಿ ಎಳೆಯುವವನು ಆರ್ವಿಡ್, ಕುರಿ ಸಾಕುವವನು, ದಿನಕ್ಕೆ ಎರಡು ಮಾತು ಆಡಿದರೆ ಹೆಚ್ಚು. ಮೂರನೆಯವನು ಗೌಟೆ. ಇಪ್ಪತ್ತನಾಲ್ಕು ವರ್ಷ, ಪೈಪ್ ರಿಪೇರಿ ಕೆಲಸ, ಸ್ಕೀಯಲ್ಲಿ ಊರಿಗೇ ಹೀರೋ. ಅವನು ಇಳಿಯುವ ವೀಡಿಯೋಗಳಿಗೆ ಗುಂಪಿನಲ್ಲಿ ನಾನೇ ಎಷ್ಟೋ ಹೃದಯ ಒತ್ತಿದ್ದೇನೆ. ಎದುರಿಗೆ ಸಿಕ್ಕಾಗ ಅವನ ಮೊದಲ ಮಾತು:

"ಅಯ್ಯಯ್ಯೋ, ಬಾತುಕೋಳಿ ಬಂತು! ಎಲ್ಲಿ, ಒಂದ್ಸಲ ಕ್ವಾಕ್ ಅನ್ನು."

"ನಿನ್ ಸ್ಕೀಗೆ ಹಚ್ಚಿರೋದು ಕೆಂಪು ಮೇಣ," ಎಂದೆ. "ಇವತ್ತಿನ ಚಳಿಗೆ ನೀಲಿ ಹಚ್ಬೇಕು."

"ಓಹೋ, ಬಾತುಕೋಳಿ ಓದ್ಕೊಂಡ್ ಬಂದಿದೆ!"

ದಾರಿಯುದ್ದಕ್ಕೂ ಅವನ ಸ್ಕೀಗೆ ಹಿಮ ಮುದ್ದೆ ಕಟ್ಟಿತು. ಮೂರು ಸಲ ನಿಂತು ಕೆರೆದ. ನನಗೆ ಹೊಟ್ಟೆ ತಣ್ಣಗಾಯಿತು. ಆದರೂ ಹಟ್ಟಿಗೆ ನನಗಿಂತ ಒಂದು ಗಂಟೆ ಮೊದಲೇ ಮುಟ್ಟಿದ.

ಹಟ್ಟಿಯಲ್ಲಿ ಸಿಗ್ನಲ್ ಇಲ್ಲ. ಇನ್ನೂರು ಹೆಜ್ಜೆ ಆಚೆ ಒಂದು ಬಂಡೆ ಹತ್ತಿದರೆ ಒಂದು ಗೆರೆ ಬರುತ್ತದೆ. ಹತ್ತಿದೆ. ಮೊಣಕಾಲು: 38. ಲೈಕು: 91.

ಮಾರ್ಚ್ 4, ಸೋಮವಾರ

ಕೆಲಸ ಹೀಗೆ. ಸೊಂಟಕ್ಕೆ ಹತ್ತು ಮೀಟರ್ ಹಗ್ಗ ಕಟ್ಟಿಕೊಂಡು ಬಾಲದ ಹಾಗೆ ಎಳೆಯುತ್ತಾ ನಡೆಯಬೇಕು. ಹಗ್ಗದ ತುದಿ ಹಿಂದಿನ ಕೊಂಬೆಯ ಹತ್ತಿರ ಬಂದಾಗ ನಿಲ್ಲಬೇಕು. ಹಾರೆಯಿಂದ ತೂತು ಹೊಡೆದು, ಕೊಂಬೆ ಇಳಿಸಿ, ಬುಡದ ಸುತ್ತ ಹಿಮ ತುಳಿಯಬೇಕು. ಮತ್ತೆ ಹಗ್ಗ. ಮತ್ತೆ ಹಾರೆ. ಒಂದು ಕಟ್ಟಿನಲ್ಲಿ ಇಪ್ಪತ್ತೈದು ಕೊಂಬೆ. ಕಟ್ಟುಗಳನ್ನು ಬೇಸಿಗೆಯಲ್ಲೇ ಹಟ್ಟಿಯ ಕೊಟ್ಟಿಗೆಗೆ ತಂದು ಹಾಕಿದ್ದರು.

ಹಾಲ್ಡಿಸ್ ಹಾರೆಯನ್ನು ನನ್ನ ಕೈಗೆ ಕೊಟ್ಟಳು.

"ಇಳಿಜಾರಲ್ಲಿ ಸ್ಕೀ ಹಾಕ್ಕೊಂಡು ಹಾರೆ ಹೊಡೆದ್ರೆ ಜಾರ್ತೀವಿ. ತುಳಿಯೋದಕ್ಕೂ ನಿನ್ನ ಬ್ಯಾಟೇ ವಾಸಿ. ನಾಳೆಯಿಂದ ಕೆರೆಯಿಂದ ಹಟ್ಟಿ ಕಡೆಯ ಕಣಿವೆ ಬಾಯಿವರೆಗೂ ನಿಂದು. ಎರಡು ಕಿಲೋಮೀಟರ್, ಎಂಟು ಕಟ್ಟು."

ಅಂದರೆ ಅವರು ಜಾರುವುದು, ನಾನು ತುಳಿಯುವುದು. ಬಾಯಿ ಮುಚ್ಚಿಕೊಂಡು ತಲೆಯಾಡಿಸಿದೆ. ಶನಿವಾರ ಶಿಖರ. ಅಲ್ಲಿಯವರೆಗೆ ಏನು ಹೇಳಿದರೂ ಮಾಡುತ್ತೇನೆ.

ಅಂಗೈಯಲ್ಲಿ ಬೊಬ್ಬೆ. ಮೊಣಕಾಲು: 38.5 (!). ಲೈಕು: 96.

ಮಾರ್ಚ್ 5, ಮಂಗಳವಾರ

ಎಂಥಾ ಬಿಸಿಲು! ನೀಲಿ ಆಕಾಶ, ಕಣ್ಣು ಕುಕ್ಕುವ ಬಿಳುಪು.

ಆರ್ವಿಡ್ ಕಟ್ಟುಗಳನ್ನು ದಾರಿಯುದ್ದಕ್ಕೂ ಅಲ್ಲಲ್ಲಿ ಇಳಿಸಿ ಹೋದ. ಕೆರೆಯ ದಡದಿಂದ ಶುರು ಮಾಡಿದೆ. ಮೊದಲ ಕಿಲೋಮೀಟರಿಗೆ ನಾಲ್ಕು ಕಟ್ಟು, ನೂರು ಕೊಂಬೆ. ಹೊತ್ತು ಒಂದೂವರೆ. ಸೊಂಟ ಮುರಿದಿತ್ತು.

ಅಷ್ಟರಲ್ಲಿ ಕಣಿವೆ ಬಾಯಿಯಿಂದ "ಹೋ...ಯ್" ಎಂದು ಕೂಗು. ಗೌಟೆ ಮತ್ತು ಹಾಲ್ಡಿಸ್ ತಮ್ಮ ಪಾಲಿನ ಕೆಲಸ ಮುಗಿಸಿ, ಪಕ್ಕದ ಇಳಿಜಾರಿನಲ್ಲಿ ಹತ್ತುತ್ತಾ ಇಳಿಯುತ್ತಾ ಆಡುತ್ತಿದ್ದರು. ಗೌಟೆ ಎಳೆದ ಗೆರೆ ಎಷ್ಟು ಚೆಂದ ಎಂದರೆ, ಯಾರೋ ಹೊಸ ಹಾಳೆಯ ಮೇಲೆ ಸಹಿ ಹಾಕಿದ ಹಾಗೆ.

ನಾನು ನೆಟ್ಟ ಕೊಂಬೆಗಳನ್ನು ತಿರುಗಿ ನೋಡಿದೆ. ಸಾಲಾಗಿ ಕೆರೆಯವರೆಗೂ ಒಂದೊಂದೂ ಕಾಣುತ್ತಿತ್ತು. ಹೋದ ವರ್ಷ ಗುಂಪಿನಲ್ಲಿ ಯಾರೋ ಕೇಳಿದ್ದರು, ಎಷ್ಟು ದೂರಕ್ಕೊಂದು ಕೊಂಬೆ ಬೇಕು ಎಂದು. "ಇಪ್ಪತ್ತು ಮೀಟರ್ ಧಾರಾಳ ಸಾಕು. ಹತ್ತು ಅನ್ನೋದು ಅಜ್ಜಂದಿರ ಕಾಲದ ಪುಕ್ಕಲುತನ," ಎಂದು ನಾನೇ ಬರೆದಿದ್ದೆ. ನೂರ ಹನ್ನೆರಡು ಲೈಕು ಬಂದಿತ್ತು. ನೂರ ಹನ್ನೆರಡು ಜನ ದಡ್ಡರೇ?

ಅಲ್ಲಿಂದ ಮುಂದೆ ಎರಡು ಹಗ್ಗಕ್ಕೊಂದು ನೆಟ್ಟೆ. ಮೂರೂವರೆಗೆಲ್ಲ ಕಣಿವೆ ಬಾಯಿಯಲ್ಲಿದ್ದೆ. ಉಳಿದ ಎರಡು ಕಟ್ಟನ್ನು ಆರ್ವಿಡ್ ಬಂಡಿಗೆ ಹಾಕಿಕೊಂಡ. ಹಟ್ಟಿಯ ಗೋಡೆಗೆ ಒರಗಿಸಿ ಇಟ್ಟೆವು.

ಹಾಲ್ಡಿಸ್ ಕಿತ್ತಳೆ ಸುಲಿಯುತ್ತಿದ್ದವಳು ನೋಡಿದಳು. "ಎರಡು ಕಟ್ಟು ಉಳೀತಾ?"

"ಹೂಂ," ಎಂದೆ.

"ಹೂಂ," ಎಂದಳು ಅವಳೂ. ಅರ್ಧ ಕಿತ್ತಳೆ ನನಗೆ ಕೊಟ್ಟಳು.

ಮೊಣಕಾಲು: 38. ನೋಡಿದಿರಾ, ಬುದ್ಧಿ ಓಡಿಸಿದರೆ ಕಾಲೂ ಉಳಿಯುತ್ತದೆ. ಲೈಕು: 140.

ಮಾರ್ಚ್ 7, ಗುರುವಾರ

ಅಕ್ಷರ ಸೊಟ್ಟಗಾಗುತ್ತಿದೆ. ಆದರೂ ಬರೆಯುತ್ತೇನೆ.

ಕೆರೆಯ ಕೆಳಗಿನ ಭಾಗ ಮುಗಿಸಲು ನಾಲ್ವರೂ ಒಟ್ಟಿಗೆ ಹೋಗಿದ್ದೆವು. ಕೊನೆಯ ಕೊಂಬೆ ನೆಟ್ಟು, ಕಂದು ಚೀಸಿನ ಬ್ರೆಡ್ ತಿಂದು ಹೊರಟಾಗ ಗಂಟೆ ಹನ್ನೆರಡು. ಕೆರೆ ಮುಟ್ಟುವ ಹೊತ್ತಿಗೆ ಮಂಜು ಇಳಿಯಿತು. ಜೊತೆಗೆ ಗಾಳಿ. ನೆಲ ಎಲ್ಲಿ, ಆಕಾಶ ಎಲ್ಲಿ, ಏನೂ ಇಲ್ಲ. ಹಾಲಿನ ಪಾತ್ರೆಯೊಳಗೆ ನಿಂತ ಹಾಗೆ. ನನ್ನ ಸ್ನೋಶೂ ನನಗೇ ಕಾಣುತ್ತಿರಲಿಲ್ಲ.

"ಕೊಂಬೆ ಇದಾವೆ, ಭಯ ಇಲ್ಲ," ಎಂದಳು ಹಾಲ್ಡಿಸ್. ತಲೆ ಎಣಿಸಿದಳು. ಈ ಸಲ ಮುಟ್ಟಿ ಎಣಿಸಿದಳು.

ಮೊದಲ ಕಿಲೋಮೀಟರಿನಲ್ಲಿ ತೊಂದರೆಯೇ ಆಗಲಿಲ್ಲ. ಒಂದು ಕೊಂಬೆಯ ಪಕ್ಕ ನಿಂತರೆ ಮುಂದಿನದು ಬೂದಿಬಣ್ಣದ ಗೀಟಿನಂತೆ ಕಾಣುತ್ತಿತ್ತು. ಆಮೇಲೆ ಮುಂದಿದ್ದ ಆರ್ವಿಡ್ ನಿಂತುಬಿಟ್ಟ. ಮುಂದೆ ಏನೂ ಇಲ್ಲ. ಬರೀ ಬಿಳಿ.

ಎಡಕ್ಕೆ ಹೊಳೆಯ ಕಮರಿ ಇದೆ ಎಂದು ಎಲ್ಲರಿಗೂ ಗೊತ್ತು. ಅದರ ಅಂಚಿನಲ್ಲಿ ಹಿಮ ಸಜ್ಜೆಯ ಹಾಗೆ ಹೊರಗೆ ಚಾಚಿರುತ್ತದೆ. ಮೇಲಿನಿಂದ ನೋಡಿದರೆ ನೆಲದಂತೆಯೇ. ಕೆಳಗೆ ಗಾಳಿ.

"ಯಾರೂ ಕೊಂಬೆ ಬಿಟ್ಟು ಕದಲಬೇಡಿ," ಎಂದಳು ಹಾಲ್ಡಿಸ್. ಗೌಟೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮುಂದೆ ಹೋದ. ಹಗ್ಗ ಮುಗಿಯಿತು. "ಏನೂ ಇಲ್ಲ!" ಎಂದು ಕೂಗಿದ. ಇನ್ನೊಂದು ಹಗ್ಗ ಗಂಟು ಹಾಕಿ ಬಿಟ್ಟೆವು. "ಸಿಕ್ತು!" ಎಂದ. ನಾವು ಮೂವರೂ ಹಗ್ಗ ಹಿಡಿದು ಅವನ ಬಳಿಗೆ ಹೋದೆವು. ಮತ್ತೆ ಅದೇ. ಪ್ರತಿಯೊಂದಕ್ಕೂ ಅದೇ. ಒಂದು ಕಿಲೋಮೀಟರಿಗೆ ಮೂರೂವರೆ ಗಂಟೆ.

ಎಷ್ಟನೆಯದೋ ಸಲ, ಕೈಯಲ್ಲಿದ್ದ ಹಗ್ಗ ತಟ್ಟನೆ ಎಡಕ್ಕೆ ಸೆಳೆದು ಬಿಗಿಯಿತು. ಆಮೇಲೆ ಕೆಳಕ್ಕೆ. 'ದೊಪ್' ಎಂದು ದೂರದಲ್ಲಿ ಒಂದು ಸದ್ದು. ಆರ್ವಿಡ್ ಹಿಮದ ಮೇಲೆ ಕೂತು ಹಿಮ್ಮಡಿ ಊರಿದ. ನಾನೂ ಬಿದ್ದು ಹಿಡಿದೆ. ಎಳೆದೆವು. ಗೌಟೆ ಹೊಟ್ಟೆಯ ಮೇಲೆ ತೆವಳುತ್ತಾ ಬಂದ, ಗಡ್ಡವೆಲ್ಲ ಹಿಮ. ಅವನ ಒಂದು ಸ್ಕೀ ಕೋಲು ಕಮರಿ ಪಾಲು.

"ಹಾಳಾದ್ ಗಾಳಿ!" ಎಂದ. ಉಸಿರು ಸಿಗದೆ ನಗುತ್ತಿದ್ದ. "ಎಲ್ಲಾ ಕಿತ್ಕೊಂಡ್ ಹೋಗಿದೆ ನೋಡು, ಎರಡೇ ದಿನದಲ್ಲಿ!"

ಆರ್ವಿಡ್ ಇವತ್ತಿನ ತನ್ನ ಎರಡು ಮಾತು ಆಡಿದ. "ಒಂದು ಬಿಟ್ಟು ಒಂದು."

"ಏನು?"

"ಒಂದು ಬಿಟ್ಟು ಒಂದನ್ನ ಕಿತ್ತಿದೆ. ಗಾಳಿ."

"ಲೆಕ್ಕ ಕಲಿತ ಗಾಳಿ," ಎಂದ ಗೌಟೆ, ಕೈಗವಸು ಕೊಡವುತ್ತಾ.

ಹಾಲ್ಡಿಸ್ ಮತ್ತೆ ತಲೆ ಎಣಿಸಿದಳು. ನಾನು ಹಗ್ಗದ ಗಂಟು ಬಿಗಿ ಮಾಡಿದೆ.

ಹಟ್ಟಿಯ ಬಾಗಿಲಲ್ಲಿ ಆ ಎರಡು ಕಟ್ಟುಗಳು ಹಾಗೇ ನಿಂತಿದ್ದವು.

ಬಂಡೆಗೆ ಹೋಗಲಿಲ್ಲ.

ಮಾರ್ಚ್ 8, ಶುಕ್ರವಾರ

ದಿನವಿಡೀ ಗಾಳಿ. ಯಾರೂ ಹೊರಗೆ ಹೋಗಲಿಲ್ಲ. ಇಸ್ಪೀಟು, ಆಲೂಗಡ್ಡೆ ಹಾಕಿದ ಮಾಂಸದ ಸಾರು.

ನಾಳೆ ಆಕಾಶ ತೆರೆಯುತ್ತದಂತೆ, ಒಂದೇ ದಿನ. ಭಾನುವಾರ ಮತ್ತೆ ಬಿರುಗಾಳಿ, ಅದು ಬರುವ ಮುಂಚೆ ಬೆಳಿಗ್ಗೆಯೇ ನಾವು ಊರಿಗೆ ಇಳಿಯಬೇಕು. ಆಮೇಲೆ ಈಸ್ಟರ್ ರಜೆಯ ಮೊದಲ ಶನಿವಾರದವರೆಗೆ ಇಲ್ಲಿಗೆ ಯಾರೂ ಬರುವುದಿಲ್ಲ. ಆ ಶನಿವಾರ ಎಲ್ಲರೂ ಬರುತ್ತಾರೆ. ಮಕ್ಕಳನ್ನು ಜಾರುಬಂಡಿಯಲ್ಲಿ ಕೂರಿಸಿಕೊಂಡು.

ಮೊಣಕಾಲು: 38. ಊತವಿಲ್ಲ. ಅಂದರೆ ನಾಳೆ ಶಿಖರ.

ಆರ್ವಿಡ್ ಬಂಡಿಯಲ್ಲಿ ತಂದ ನನ್ನ ಸ್ಕೀಯನ್ನು ಗೌಟೆ ತೊಡೆಯ ಮೇಲಿಟ್ಟುಕೊಂಡು ಮೇಣ ಹಚ್ಚುತ್ತಿದ್ದಾನೆ. ನಾನು ಕೇಳಲೇ ಇಲ್ಲ. "ನೀಲಿ ತಾನೇ, ಬಾತುಕೋಳಿ?" ಅಂದ. "ನೋಡು, ನಾನೂ ಕಲಿತೀನಿ."



ಮಾರ್ಚ್ 9, ಶನಿವಾರ

ಬೆಳಿಗ್ಗೆ ಗಂಜಿ ಕುಡಿಯುವಾಗ ಹೇಳಿದೆ. ಮುಖ ನೋಡದೆ, ಬಟ್ಟಲು ನೋಡಿಕೊಂಡು.

"ಗಾಳಿ ಕಿತ್ತಿದ್ದಲ್ಲ. ನಾನೇ ನೆಟ್ಟಿರಲಿಲ್ಲ. ಎರಡು ಹಗ್ಗಕ್ಕೊಂದು ನೆಟ್ಟೆ."

ಗೌಟೆಯ ಚಮಚ ನಿಂತಿತು. ಕಿಟಕಿಯಾಚೆ ಕ್ವಿಟ್‌ನುಟ್ ಶಿಖರ ಬಿಸಿಲಿಗೆ ಹೊಳೆಯುತ್ತಿತ್ತು, ಫೋಟೋದಲ್ಲಿರುವ ಹಾಗೇ.

"ಅಂದ್ರೆ," ಎಂದ ನಿಧಾನವಾಗಿ, "ಎರಡು ದಿನದಿಂದ ನಾನು ಪಾಪದ ಗಾಳಿಗೆ ಬೈತಾ ಇದೀನಾ?"

"ಹೂಂ."

"ನಾನು ಸಾಯ್ತಿದ್ದೆ, ರಾಗ್ನಿ."

ಬಾತುಕೋಳಿ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಗೊತ್ತು," ಎಂದೆ. "ಇವತ್ತು ಹೋಗಿ ಸರಿ ಮಾಡ್ತೀನಿ. ಐವತ್ತು ಸಂದು ಇದಾವೆ. ಎರಡು ಕಟ್ಟಲ್ಲಿ ಸರಿಯಾಗಿ ಐವತ್ತು ಕೊಂಬೆ. ನೀವು ಮೂವರೂ ಶಿಖರಕ್ಕೆ ಹೋಗಿ."

ಹಾಲ್ಡಿಸ್ ತಿರುಗದೆ, ಒಲೆಗೆ ಸೌದೆ ಇಡುತ್ತಲೇ ಹೇಳಿದಳು. "ನಂಗೆ ಗೊತ್ತಿತ್ತು. ಕಟ್ಟು ಗೋಡೆಗೆ ಒರಗಿದಾಗಲೇ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಬಿಸಿಲಿತ್ತು. ನೀನೇ ಹೇಳ್ಲಿ, ನಾಳೆ ಹೇಳ್ತಾಳೆ, ನಾಡಿದ್ದು ಹೇಳ್ತಾಳೆ ಅಂತ ಕೂತೆ. ಗುರುವಾರ ಹಾಗಾಗತ್ತೆ ಅಂತ ಅಂದ್ಕೊಳ್ಲಿಲ್ಲ. ಅದು ನನ್ ತಪ್ಪು." ಒಲೆಯ ಬಾಗಿಲು ಮುಚ್ಚಿದಳು. "ಹಾರೆ ನಿನ್ನೇನೇ ಬಾಗಿಲ ಹತ್ರ ಇಟ್ಟಿದ್ದೆ. ನೀನು ಬಾಯಿ ಬಿಡದೇ ಇದ್ದಿದ್ರೆ ನಾನು ಹೋಗ್ತಿದ್ದೆ."

ನಾನು ಎದ್ದು ಬೂಟು ಹಾಕತೊಡಗಿದೆ.

"ಕೂತ್ಕೋ. ಬೆಟ್ಟಕ್ಕೆ ಯಾರೂ ಒಬ್ಬೊಬ್ಬರೇ ಹೋಗೋದಿಲ್ಲ. ಯಾರು ಜೊತೆಗೆ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಶಿಖರವನ್ನು ಬಿಡಲು ಸಿದ್ಧಳಾಗಿದ್ದೆ. ಇನ್ನೊಬ್ಬರದನ್ನೂ ಬಿಡಿಸಬೇಕಾಗುತ್ತದೆ ಎಂದು ಹೊಳೆದಿರಲಿಲ್ಲ. ಆರ್ವಿಡ್ ಕೈಯೆತ್ತಲು ಹೊರಟ. ಅಷ್ಟರಲ್ಲಿ ಗೌಟೆ ಎದ್ದು ಅಟ್ಟ ಹತ್ತಿದ. ಮೇಲೆ ಏನೇನೋ ಬಿದ್ದ ಸದ್ದು. ಇಳಿದು ಬಂದಾಗ ಕೈಯಲ್ಲಿ ಹಳೆಯ ಮರದ ಸ್ನೋಶೂ ಜೋಡಿ, ಜೇಡರ ಬಲೆ ಸಮೇತ.

"ಇದನ್ನ ಹೆಂಗೆ ಕಟ್ಕೊಳ್ಳೋದು?" ಎಂದ, ಇನ್ನೂ ಸಿಟ್ಟಿನಲ್ಲೇ.

ಕಟ್ಟಿಕೊಟ್ಟೆ. ಅಂಗಳ ದಾಟುವುದರೊಳಗೆ ತನ್ನ ಎಡಗಾಲನ್ನು ತಾನೇ ತುಳಿದುಕೊಂಡು ಮುಖ ಅಡಿಯಾಗಿ ಬಿದ್ದ. ಎದ್ದ. ಕೆರೆಯ ಕಡೆ ತಿರುಗುವಲ್ಲಿ ಮತ್ತೆ ಬಿದ್ದ. ಮೂರನೆಯ ಸಲ ಬಿದ್ದು ಅಲ್ಲೇ ಮಲಗಿಕೊಂಡ.

"ಕಾಲು ಅಗಲ ಇಟ್ಟು ನಡಿ," ಎಂದೆ. ಆಮೇಲೆ, ಧೈರ್ಯ ಮಾಡಿ, "ಕ್ವಾಕ್ ಅನ್ನು."

ಆಮೇಲೆ ಹಿಮದೊಳಗಿನಿಂದ: "ಕ್ವಾಕ್."

ಎರಡು ಕೊಂಬೆಗಳ ನಡುವೆ ಹಗ್ಗ ಹಿಡಿದು, ಹತ್ತು ಮೀಟರಿಗೆ ಸರಿಯಾಗಿ ಒಂದು. ಅವನು ಹಾರೆ, ನಾನು ಕೊಂಬೆ. ಬೊಬ್ಬೆ ಒಡೆದಾಗ ಅದಲುಬದಲು. ಗಾಳಿ ನೆಲವನ್ನು ಕಲ್ಲಾಗಿಸಿತ್ತು. ಕಮರಿಯ ಅಂಚಿನಲ್ಲಿ ಮಂಚದಷ್ಟು ಅಗಲದ ಒಂದು ತುಂಡು ಇರಲಿಲ್ಲ. ಕಚ್ಚಿ ತೆಗೆದ ಬ್ರೆಡ್ಡಿನ ಹಾಗೆ. ಗೌಟೆ ಅದನ್ನು ನೋಡಿದ. ನಾನೂ ನೋಡಿದೆ. ಅಲ್ಲಿ ನೆಟ್ಟ ಕೊಂಬೆಯನ್ನು ಇಬ್ಬರೂ ಸೇರಿ ಬಹಳ ಹೊತ್ತು ತುಳಿದೆವು.

"ರಾಗ್ನಿ, ಮೇಲ್ ನೋಡು," ಎಂದ ಯಾವಾಗಲೋ. ಕ್ವಿಟ್‌ನುಟ್ ತುದಿಯಲ್ಲಿ ಎರಡು ಚುಕ್ಕೆ. ಹಾಲ್ಡಿಸ್, ಆರ್ವಿಡ್. ದೊಡ್ಡ ಚುಕ್ಕೆ ಕೈ ಬೀಸಿತು.

"ಮೂವತ್ತೊಂದು," ಎಂದೆ. "ಮಾತಾಡಿಸ್ಬೇಡ, ಎಣಿಕೆ ತಪ್ಪತ್ತೆ."

ಐವತ್ತನೆಯದನ್ನು ಕಣಿವೆ ಬಾಯಿಯಲ್ಲಿ ನೆಟ್ಟಾಗ ಬಿಸಿಲು ಕೆಂಪಾಗಿತ್ತು. ಗೌಟೆ ಕೊಂಬೆಯಿಂದ ಕೊಂಬೆಗೆ ಕಣ್ಣು ಮುಚ್ಚಿ, ಹೆಜ್ಜೆ ಎಣಿಸಿ ನಡೆದು ನೋಡಿದ. ಹದಿನಾಲ್ಕು ಹೆಜ್ಜೆ. ಮುಂದಿನದಕ್ಕೂ ಹದಿನಾಲ್ಕು. ಅದರ ಮುಂದಿನದಕ್ಕೂ.

"ಇನ್ನೊಂದು ಸಲ ನೋಡೋಣ," ಎಂದೆ. ಹಿಂದಕ್ಕೆ ಕಿಲೋಮೀಟರ್ ಪೂರ್ತಿ ನಡೆದು, ಪ್ರತಿಯೊಂದನ್ನೂ ಅಲ್ಲಾಡಿಸಿ ನೋಡಿ ಬಂದೆವು. ನಾಲ್ಕು ಸಡಿಲವಾಗಿದ್ದವು. ಮತ್ತೆ ತುಳಿದೆ.

ಕಾಲು ನೋಯುತ್ತಿದೆ. ಟೇಪು ಎಲ್ಲಿಟ್ಟೆನೋ.

ಮಾರ್ಚ್ 10, ಭಾನುವಾರ. ಬಸ್ಸಿನಲ್ಲಿ

ಕೆಳಗೆ ಬಂದೆವು. ಸಿಗ್ನಲ್ ಬಂದ ಕೂಡಲೇ ಗುಂಪಿನಲ್ಲಿ ನನ್ನ ಆ ಹಳೆಯ ಉತ್ತರ ಹುಡುಕಿ, ಅದರ ಕೆಳಗೆ ಬರೆದೆ: "ಇದು ತಪ್ಪು. ಹತ್ತೇ. ಇಪ್ಪತ್ತಕ್ಕೆ ನೆಟ್ಟು ನೋಡಿದ್ದೇನೆ, ಒಬ್ಬ ಬೀಳುತ್ತಿದ್ದ." ಫೋನು ಚೀಲಕ್ಕೆ ಹಾಕಿದೆ. ಇನ್ನು ಆರ್ವಿಡ್ ಭುಜಕ್ಕೆ ಒರಗಿ ಊರು ಬರುವವರೆಗೆ ನಿದ್ದೆ.

ಮಾರ್ಚ್ 23, ಶನಿವಾರ. ಸ್ಕಾರ್‌ಬು

ಹಟ್ಟಿಯ ಅಡುಗೆಮನೆಗೆ ಕೈ ಬೇಕು ಎಂದು ಹಾಲ್ಡಿಸ್ ಫೋನ್ ಮಾಡಿದ್ದಳು. ನಿನ್ನೆಯೇ ಬಂದೆ, ಸ್ನೋಶೂ ಮೇಲೆ. ಆ ಶನಿವಾರ ಕೊಂಬೆ ನೆಟ್ಟಿದ್ದಕ್ಕೆ ಮೊಣಕಾಲು ಊದಿ, ಫಿಸಿಯೋ ಸ್ಕೀಗೆ ಇನ್ನೂ ಒಂದು ತಿಂಗಳು ಬೇಡ ಎಂದಿದ್ದಾಳೆ. ಬೈದಳು ಕೂಡ. ಸರಿ, ಏಪ್ರಿಲ್‌ನಲ್ಲೂ ಹಿಮ ಇರುತ್ತದೆ.

ಹನ್ನೊಂದಕ್ಕೆ ಮಂಜು ಇಳಿಯಿತು. ಆ ಗುರುವಾರದಂಥದ್ದೇ. ಕಿಟಕಿ ಪೂರ್ತಿ ಬಿಳಿ. ಬೆಳಿಗ್ಗೆ ಕೆಳಗಿನಿಂದ ಹತ್ತೊಂಬತ್ತು ಜನ ಹೊರಟಿದ್ದಾರೆ ಎಂದು ರೇಡಿಯೋದಲ್ಲಿ ಹೇಳಿದ್ದರು. ಹಾಲ್ಡಿಸ್ ವೇಫಲ್‌ಗೆ ಹಿಟ್ಟು ಕಲಸುತ್ತಿದ್ದಳು. ಎರಡು ಸಲ ಉಪ್ಪು ಹಾಕಿದಳು. ನಾನು ನೋಡಿದೆ ಎಂದು ಅವಳಿಗೆ ಗೊತ್ತಾಯಿತು.

ಎರಡು ಗಂಟೆ ಹತ್ತಕ್ಕೆ ಬಾಗಿಲು ತೆರೆಯಿತು. ಮೊದಲು ಗಾಳಿ, ಆಮೇಲೆ ಜನ. ಒಬ್ಬೊಬ್ಬರೂ ಬೆಳ್ಳಗೆ, ಹುಬ್ಬಿನ ತನಕ. ಹಾಲ್ಡಿಸ್ ತಲೆ ಎಣಿಸಿದಳು. ನಾನೂ ಎಣಿಸಿದೆ. ಹದಿನೇಳು. ಹದಿನೆಂಟು. ಕೊನೆಗೆ ಒಬ್ಬ ಹೆಂಗಸು, ಬೆನ್ನ ಮೇಲೆ ಕಟ್ಟಿಕೊಂಡ ಮಗುವನ್ನು ಬಾಗಿಲಿಗೆ ತಾಗದ ಹಾಗೆ ಓರೆ ತಿರುಗಿಸಿಕೊಂಡು ಒಳಗೆ ಬಂದಳು. ಮಗು ನಿದ್ದೆ ಮಾಡುತ್ತಿತ್ತು.

"ದಾರಿ ಹೇಗಿತ್ತು?" ಎಂದು ಕೇಳಿದೆ. "ಕೆರೆ ದಾಟಿದ ಮೇಲೆ?"

ಅವಳು ಕೈಗವಸು ಕಿತ್ತು ಒಲೆಯ ಮೇಲಿನ ತಂತಿಗೆ ನೇತುಹಾಕುತ್ತಿದ್ದಳು. ಏನು ಕೇಳುತ್ತಿದ್ದಾಳೆ ಇವಳು ಎಂಬಂತೆ ತಿರುಗಿ ನೋಡಿದಳು.

"ಹೇಗಿತ್ತು ಅಂದ್ರೆ? ಕೊಂಬೆ ಇದ್ವಲ್ಲ. ವೇಫಲ್ ಮುಗೀತಾ, ಇದೆಯಾ?"

"ಇದೆ," ಎಂದೆ. "ಸ್ವಲ್ಪ ಉಪ್ಪು ಜಾಸ್ತಿ."

ಹಿಟ್ಟು ಹುಯ್ದೆ.